‘ಬಕ್’: ಜಿಂಕೆಯ ಚರ್ಮದಿಂದ ಹೊಣೆಯ ಫಲಕದವರೆಗೆ

ವಿದೇಶಿ ಗ್ರಾಹಕರೊಡನೆ ಪತ್ರವ್ಯವಹಾರ ನಡೆಸುವ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಆಗಾಗ ಎದುರಿಸುವ ಇಂಗ್ಲಿಷ್ ಪದಗಳಲ್ಲಿ ‘ಬಕ್’ ಒಂದು. ಮೂಲತಃ ಗಂಡು ಪ್ರಾಣಿಯ ಹೆಸರಾದ ಈ ಪುಟ್ಟ ಪದವು ಇಂದು ಹಣವನ್ನೂ ಸೂಚಿಸುತ್ತದೆ, ಹೊಣೆಗಾರಿಕೆಯನ್ನೂ ಸೂಚಿಸುತ್ತದೆ. ವ್ಯಾಪಾರದಲ್ಲಿ ಇವೆರಡೂ ಒಂದನ್ನೊಂದು ಬಿಟ್ಟಿರಲಾರವು. ಆದ್ದರಿಂದ ಈ ಪದದ ಹಿನ್ನೆಲೆಯನ್ನು ಅರಿಯುವುದು ವಾಣಿಜ್ಯ ವಲಯದವರಿಗೆ ಉಪಯುಕ್ತ.

ಮೂಲ ಅರ್ಥ

ಕನ್ನಡದಲ್ಲಿ ಗಂಡು ಆಡಿಗೆ ಹೋತ, ಗಂಡು ಕುರಿಗೆ ಟಗರು, ಗಂಡು ಎಮ್ಮೆಗೆ ಕೋಣ ಎಂದು ಪ್ರತ್ಯೇಕ ಪದಗಳಿವೆ. ಇಂಗ್ಲಿಷಿನ ‘ಬಕ್’ ಅಷ್ಟು ಕಟ್ಟುನಿಟ್ಟಾದ ಪದವಲ್ಲ. ಹಳೆಯ ಇಂಗ್ಲಿಷಿನಲ್ಲಿ ಹೋತವನ್ನೂ ಗಂಡು ಜಿಂಕೆಯನ್ನೂ ಸೂಚಿಸುತ್ತಿದ್ದ ಎರಡು ಸಮೀಪದ ಪದಗಳು ಕಾಲಕ್ರಮದಲ್ಲಿ ಒಂದಾಗಿ ಈ ರೂಪ ತಾಳಿದವು. ಈಗ ಗಂಡು ಜಿಂಕೆ, ಹುಲ್ಲೆ, ಮೊಲ, ಆಡು ಇವೆಲ್ಲಕ್ಕೂ ಇದು ಸಲ್ಲುತ್ತದೆ. ಹೆಣ್ಣು ಜಿಂಕೆ ಮತ್ತು ಮೊಲಗಳಿಗೆ ‘ಡೋ’ ಎನ್ನುತ್ತಾರೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯದಲ್ಲಿ ರಕ್ಷಣೆ ಪಡೆದಿರುವ ಕೃಷ್ಣಮೃಗಕ್ಕೆ ಇಂಗ್ಲಿಷಿನಲ್ಲಿ ‘ಬ್ಲ್ಯಾಕ್‌ಬಕ್’ ಎಂಬ ಹೆಸರು ಬಂದುದು ಗಂಡಿನ ಕಪ್ಪು ಮೈಬಣ್ಣದಿಂದ.

ಚರ್ಮವೇ ನಾಣ್ಯವಾದಾಗ

ಹದಿನೆಂಟನೆಯ ಶತಮಾನದ ಉತ್ತರ ಅಮೆರಿಕದಲ್ಲಿ ಜಿಂಕೆಯ ಚರ್ಮ ಬಹು ದೊಡ್ಡ ವ್ಯಾಪಾರದ ಸರಕಾಗಿತ್ತು. ಚೆರೋಕಿ, ಕ್ರೀಕ್ ಮುಂತಾದ ಮೂಲನಿವಾಸಿಗಳು ಬೇಟೆಯಾಡಿ ತಂದ ಚರ್ಮಕ್ಕೆ ಬದಲಾಗಿ ಐರೋಪ್ಯ ವರ್ತಕರು ಬಟ್ಟೆ, ಬಂದೂಕು, ಮದ್ಯ ಮೊದಲಾದವನ್ನು ನೀಡುತ್ತಿದ್ದರು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನಿಂದ ಈ ಚರ್ಮ ಯುರೋಪಿಗೆ ಸಾಗಿ ಷರಾಯಿ, ಕೈಗವಸುಗಳಾಗಿ ಮಾರ್ಪಡುತ್ತಿತ್ತು. ನಾಣ್ಯದ ಅಭಾವವಿದ್ದ ಕಾಡುಸೀಮೆಯಲ್ಲಿ ಒಂದು ಉತ್ತಮ ಚರ್ಮವೇ ಬೆಲೆಯ ಅಳತೆಗೋಲಾಯಿತು. 1748ರಲ್ಲಿ ಓಹಿಯೋ ಪ್ರದೇಶಕ್ಕೆ ಹೋಗಿದ್ದ ಕಾನ್ರಾಡ್ ವೈಸರ್ ತನ್ನ ದಿನಚರಿಯಲ್ಲಿ ಒಂದು ಪೀಪಾಯಿ ವಿಸ್ಕಿಯ ಬೆಲೆಯನ್ನು ಐದು ‘ಬಕ್’ ಎಂದು ದಾಖಲಿಸಿದ್ದಾನೆ.

ಅಮೆರಿಕವು ಡಾಲರನ್ನು ಕಾನೂನಿನ ಮೂಲಕ ನಾಣ್ಯಮಾನವನ್ನಾಗಿ ನಿಗದಿಪಡಿಸಿದ್ದು 1792ರಲ್ಲಿ. ಚರ್ಮದ ವಿನಿಮಯ ಕ್ಷೀಣಿಸಿದರೂ ಅದರ ಹೆಸರು ಉಳಿದು, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಡಾಲರಿಗೇ ಅಂಟಿಕೊಂಡಿತು ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ನಮ್ಮವರು ದನಕರುಗಳನ್ನು ಗೋಧನವೆಂದು ಕರೆದಿರುವಾಗ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಬಳಕೆಯಲ್ಲಿ ಎಚ್ಚರ

ಇಂದು ‘ಬಕ್’ ಎಂಬುದು ಒಂದೇ ದೇಶದ ಹಣವಲ್ಲ. ಕೆನಡಾ ಹಾಗೂ ಆಸ್ಟ್ರೇಲಿಯಾಗಳಲ್ಲಿ ಆಯಾ ದೇಶದ ಡಾಲರಿಗೂ, ದಕ್ಷಿಣ ಆಫ್ರಿಕಾದಲ್ಲಿ ರ‍್ಯಾಂಡಿಗೂ ಈ ಮಾತು ಸಲ್ಲುತ್ತದೆ. ಬೆಂಗಳೂರಿನ ತರುಣರು ‘ನೂರು ಬಕ್ಸ್’ ಎಂದರೆ ಅದು ನೂರು ರೂಪಾಯಿ. ಒಂದು ನಗಕ್ಕೆ ಐದು ‘ಬಕ್ಸ್’ ಎಂದು ದೂರವಾಣಿಯಲ್ಲಿ ಒಪ್ಪಿದ ದರವು ಅಮೆರಿಕದ ಡಾಲರೋ ಆಸ್ಟ್ರೇಲಿಯಾದ ಡಾಲರೋ ಎಂಬ ಗೊಂದಲ ಉಂಟಾದರೆ, ತೆಳುವಾದ ಲಾಭಾಂಶದಲ್ಲಿ ದುಡಿಯುವ ಸಣ್ಣ ತಯಾರಕರ ಗಳಿಕೆ ಅಲ್ಲಿಯೇ ಕರಗಿಹೋಗಬಹುದು. ದರಪಟ್ಟಿ, ಇನ್‌ವಾಯ್ಸ್, ಕರಾರುಪತ್ರಗಳಲ್ಲಿ ಯುಎಸ್‌ಡಿ, ಸಿಎಡಿ, ಎಯುಡಿ ಎಂಬ ಅಂತರರಾಷ್ಟ್ರೀಯ ಸಂಕೇತಗಳನ್ನು ನಮೂದಿಸುವುದೇ ಕ್ಷೇಮ. ಇನ್ನೊಂದು ಎಚ್ಚರ: ಅಮೆರಿಕದಲ್ಲಿ ಕಪ್ಪು ವರ್ಣೀಯ ಹಾಗೂ ಮೂಲನಿವಾಸಿ ಪುರುಷರನ್ನು ಹೀಯಾಳಿಸಲು ಈ ಪದವನ್ನು ಬಳಸಿದ ಇತಿಹಾಸವಿದೆ; ಆದಕಾರಣ ವ್ಯಕ್ತಿಗಳ ಬಗ್ಗೆ ಇದನ್ನು ಎಂದಿಗೂ ಬಳಸಬಾರದು.

ಹಣಕಾಸು ಪುಟಗಳಲ್ಲಿ ‘ಬ್ರೇಕ್ ದಿ ಬಕ್’ ಎಂಬ ಮಾತೂ ಕಾಣಸಿಗುತ್ತದೆ. ಒಂದು ಡಾಲರಿನ ಸ್ಥಿರ ಮೌಲ್ಯ ಕಾಯ್ದುಕೊಳ್ಳಬೇಕಾದ ನಿಧಿಯ ಘಟಕವು ಅದಕ್ಕಿಂತ ಕೆಳಗಿಳಿಯುವುದೇ ಇದರ ಅರ್ಥ. 2008ರ ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಕುಸಿದಾಗ ರಿಸರ್ವ್ ಪ್ರೈಮರಿ ಫಂಡಿನ ಘಟಕ 97 ಸೆಂಟಿಗೆ ಇಳಿಯಿತು. ಕೇವಲ ಮೂರು ಸೆಂಟಿನ ಈ ಇಳಿಕೆ ಹಣ ಮಾರುಕಟ್ಟೆಯನ್ನೇ ನಡುಗಿಸಿತು.

ಹೊಣೆಯ ಗುರುತು

ಎರಡನೆಯ ಅರ್ಥ ಹುಟ್ಟಿದ್ದು ಇಸ್ಪೀಟಿನ ಮೇಜಿನಲ್ಲಿ. ಪೋಕರ್ ಆಟದಲ್ಲಿ ಎಲೆ ಹಂಚುವ ಸರದಿ ಯಾರದೆಂದು ತೋರಿಸಲು ಅವರ ಮುಂದೆ ಒಂದು ವಸ್ತುವನ್ನು ಇಡುತ್ತಿದ್ದರು. ಅದು ಹಲವು ವೇಳೆ ಜಿಂಕೆಯ ಕೊಂಬಿನ ಹಿಡಿಯುಳ್ಳ ಚಾಕುವಾಗಿದ್ದುದರಿಂದ ‘ಬಕ್’ ಎಂಬ ಹೆಸರು ಬಂತೆನ್ನುತ್ತಾರೆ. ಅದನ್ನು ಮುಂದಿನವರಿಗೆ ದಾಟಿಸುವುದೇ ‘ಪಾಸ್ ದಿ ಬಕ್’. ಅಂದರೆ ತನ್ನ ಹೊಣೆಯನ್ನು ಮತ್ತೊಬ್ಬರ ತಲೆಗೆ ಕಟ್ಟುವುದು.

ಇದಕ್ಕೆ ಎದುರಾದ ‘ದಿ ಬಕ್ ಸ್ಟಾಪ್ಸ್ ಹಿಯರ್’ ಎಂಬ ಮಾತು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಮೇಜಿನ ಮೇಲಿದ್ದ ಫಲಕದಿಂದ ಲೋಕಪ್ರಸಿದ್ಧವಾಯಿತು. ಹೊಣೆ ಇಲ್ಲಿಗೆ ನಿಂತಿತು, ಇನ್ನು ಮುಂದೆ ದಾಟಿಸಲು ಯಾರೂ ಇಲ್ಲ ಎಂಬುದು ಅದರ ತಾತ್ಪರ್ಯ. ಒಕ್ಲಹೋಮಾದ ಎಲ್ ರೆನೊ ಸುಧಾರಣಾ ಬಂದೀಖಾನೆಯಲ್ಲಿ ತಯಾರಾದ ಆ ಫಲಕ 1945ರ ಅಕ್ಟೋಬರಿನಲ್ಲಿ ಅವರಿಗೆ ತಲುಪಿತು.

ಟ್ರೂಮನ್ ಅವರೂ ಒಮ್ಮೆ ಸಣ್ಣ ವರ್ತಕರಾಗಿದ್ದರೆಂಬುದು ಹೆಚ್ಚು ಜನರಿಗೆ ತಿಳಿಯದು. 1919ರಲ್ಲಿ ಅವರು ಮಿತ್ರ ಎಡ್ಡಿ ಜೇಕಬ್ಸನ್ ಅವರೊಡನೆ ಕಾನ್ಸಾಸ್ ಸಿಟಿಯಲ್ಲಿ ಪುರುಷರ ಉಡುಪಿನ ಅಂಗಡಿ ತೆರೆದರು. ಮೊದಮೊದಲು ವ್ಯಾಪಾರ ಚೆನ್ನಾಗಿಯೇ ನಡೆಯಿತು. ಬಳಿಕ ಬಂದ ಆರ್ಥಿಕ ಕುಸಿತದಲ್ಲಿ ದುಬಾರಿ ದರಕ್ಕೆ ಕೊಂಡಿದ್ದ ದಾಸ್ತಾನಿನ ಬೆಲೆ ಇಳಿದು, 1922ರಲ್ಲಿ ಅಂಗಡಿ ಮುಚ್ಚಿತು. ಪಾಲುದಾರರು ಕೆಲವು ವರ್ಷಗಳ ನಂತರ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು. ಟ್ರೂಮನ್ ಮಾತ್ರ ಆ ಮಾರ್ಗ ಹಿಡಿಯದೆ, 1930ರ ದಶಕದವರೆಗೂ ಸಾಲ ತೀರಿಸುತ್ತ ಬಂದರು. ಮೇಜಿನ ಮೇಲೆ ಫಲಕ ಬರುವುದಕ್ಕೆ ಎರಡು ದಶಕಗಳ ಹಿಂದೆಯೇ ಅವರು ಅದರ ಅರ್ಥವನ್ನು ಅಂಗಡಿಯ ಲೆಕ್ಕಪುಸ್ತಕದಲ್ಲಿ ಕಂಡುಕೊಂಡಿದ್ದರು.

ನಮ್ಮ ವಹಿವಾಟಿಗೆ ಅನ್ವಯ

ಸರಕು ಕೆಟ್ಟಾಗ ಅಂಗಡಿಯವರು ತಯಾರಕರತ್ತ, ತಯಾರಕರು ಕಚ್ಚಾವಸ್ತು ಒದಗಿಸಿದವರತ್ತ, ಅವರು ಸಾಗಣೆದಾರರತ್ತ ಬೆರಳು ತೋರುವುದು ಎಲ್ಲೆಡೆ ಕಾಣುವ ನೋಟ. ಈ ಸರಣಿಗೆ ಕಾನೂನು ಮಿತಿ ಹಾಕಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಆರನೆಯ ಅಧ್ಯಾಯವು ಉತ್ಪನ್ನ ಹೊಣೆಗಾರಿಕೆಯನ್ನು ತಯಾರಕರು ಹಾಗೂ ಸೇವಾದಾರರ ಜೊತೆಗೆ ಮಾರಾಟಗಾರರಿಗೂ ಅನ್ವಯಿಸುತ್ತದೆ. ತಯಾರಕರು ಯಾರೆಂಬುದೇ ತಿಳಿಯದಂತಹ ಸರಕು ಮಾರಿದ್ದರೆ, ಅಥವಾ ಸರಕಿನಲ್ಲಿ ಮಾಡಿದ ಮಾರ್ಪಾಡೇ ಹಾನಿಗೆ ಕಾರಣವಾಗಿದ್ದರೆ, ಮಾರಾಟಗಾರರೇ ಉತ್ತರ ಹೇಳಬೇಕಾಗುತ್ತದೆ. ಖರೀದಿ ರಸೀದಿ, ತಂಡದ ಸಂಖ್ಯೆ, ಪರೀಕ್ಷಾ ವರದಿಗಳನ್ನು ಜೋಪಾನವಾಗಿಡುವುದು ಈ ದೃಷ್ಟಿಯಿಂದ ಅಗತ್ಯ.

ಹಣವೆಂಬ ‘ಬಕ್’ ಕೈಯಿಂದ ಕೈಗೆ ದಾಟಿದಷ್ಟೂ ವ್ಯಾಪಾರ ಬೆಳೆಯುತ್ತದೆ. ಹೊಣೆಯೆಂಬ ‘ಬಕ್’ ಹಾಗೆ ದಾಟುತ್ತ ಹೋದರೆ ನಂಬಿಕೆ ಕುಸಿಯುತ್ತದೆ. ಮೊದಲನೆಯದನ್ನು ಬಯಸುವ ವರ್ತಕರು ಎರಡನೆಯದನ್ನು ತಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೇ ಉಳಿಸಿಕೊಳ್ಳುವುದು ಲೇಸು.