ಐದಕ್ಕೇ ಕತ್ತಲಾಗುವ ಊರಿನ ಕ್ರಿಸ್‌ಮಸ್

ಡಿಸೆಂಬರ್ ಕೊನೆಯ ವಾರ. ಗಡಿಯಾರದಲ್ಲಿ ಸಂಜೆ ಐದು ಹೊಡೆಯುವಷ್ಟರಲ್ಲಿ ಅಂಡಮಾನ್‌ನಲ್ಲಿ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನ ಶಾಲೆಯ ಮಕ್ಕಳು ಬಿಸಿಲಲ್ಲಿ ಕ್ರಿಕೆಟ್ ಆಡುತ್ತಿರುವ ಹೊತ್ತಿಗೆ ಇಲ್ಲಿ ಪೋರ್ಟ್ ಬ್ಲೇರ್‌ನ ಅಬರ್ಡೀನ್ ಬಜಾರಿನ ಅಂಗಡಿಗಳು ದೀಪ ಹಚ್ಚಿಕೊಂಡಿರುತ್ತವೆ. ದೇಶಕ್ಕೆಲ್ಲ ಒಂದೇ ಸಮಯ. ಆದರೆ ಈ ದ್ವೀಪಗಳು ಇರುವುದು ಬರ್ಮಾದ ಸೆರಗಿನಲ್ಲಿ. ಹಾಗಾಗಿ ಬೆಳಗು ಬೇಗ, ಸಂಜೆ ಇನ್ನೂ ಬೇಗ. ಕ್ರಿಸ್‌ಮಸ್‌ಗೆ ಇದರಿಂದ ಒಂದು ಲಾಭವಿದೆ. ನಕ್ಷತ್ರದ ಗೂಡುದೀಪಗಳಿಗೆ ದೀರ್ಘವಾದ ರಾತ್ರಿ ಸಿಗುತ್ತದೆ. ತಗಡಿನ ಮಾಡಿನ ಮನೆಗಳ ಜಗಲಿಯಲ್ಲಿ, ಅಡಿಕೆ ತೋಟದ ನಡುವೆ ನೆಟ್ಟ ಬಿದಿರಿನ ತುದಿಯಲ್ಲಿ, ಜೆಟ್ಟಿಗೆ ಹೋಗುವ ದಾರಿಯ ಚಹಾದಂಗಡಿಯ ಮುಂದೆ, ಕೆಂಪು ಬಿಳಿ ಹಳದಿ ನಕ್ಷತ್ರಗಳು ತೂಗಾಡುತ್ತವೆ. ಚಳಿ ಎಂಬ ಮಾತಿಲ್ಲ. ಹತ್ತಿಯ ಅಂಗಿ ಬೆನ್ನಿಗೆ ಅಂಟಿಕೊಳ್ಳುವ ಸೆಕೆಯಲ್ಲೇ ಕ್ಯಾರಲ್ ತಂಡಗಳು ಮನೆಯಿಂದ ಮನೆಗೆ ನಡೆಯುತ್ತವೆ.

ರಜೆಗೆ ದ್ವೀಪಕ್ಕೆ ಹೋಗುವುದೆಂದರೆ ಮರಳು, ಅಲೆ, ತೆಂಗಿನ ನೆರಳು ಎಂಬ ಚಿತ್ರ ನಮ್ಮ ಕಣ್ಣಿಗೆ ಕಟ್ಟಿರುತ್ತದೆ. ಅಂಡಮಾನ್ ಅದನ್ನು ಧಾರಾಳವಾಗಿ ಕೊಡುತ್ತದೆ. ಆದರೆ ಈ ವಾರದಲ್ಲಿ ಇಲ್ಲಿಗೆ ಬಂದವರಿಗೆ ಅದಕ್ಕಿಂತ ದೊಡ್ಡದೊಂದು ಕಾಣಸಿಗುತ್ತದೆ. ಇಲ್ಲಿನ ಕ್ರಿಸ್‌ಮಸ್ ಈ ನೆಲಕ್ಕೆ ಯಾರದೋ ಆಜ್ಞೆಯ ಮೇರೆಗೆ ಬಂದವರು, ಬಂದಲ್ಲಿಯೇ ಬೇರುಬಿಟ್ಟವರು, ಎಲ್ಲವನ್ನೂ ಕಳೆದುಕೊಂಡು ಮತ್ತೆ ಕಟ್ಟಿಕೊಂಡವರು ಆಚರಿಸುವ ಹಬ್ಬ. ಸಮುದ್ರದ ಸೊಗಸು ಕಂಡವರು ಈ ಜನರನ್ನೂ ಕಾಣದೆ ಮರಳಿದರೆ ಅರ್ಧ ದ್ವೀಪವನ್ನಷ್ಟೇ ನೋಡಿದಂತೆ.

ಮೊದಲು ಸಮುದ್ರದ ಮಾತು. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀವಿಜಯಪುರಂ ಎಂಬ ಹೆಸರು. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಎಂಬ ಹೆಸರು. ಬೋಟಿನವರ ಬಾಯಲ್ಲಿ ಮಾತ್ರ ಎರಡೂ ಹಳೆಯ ಹೆಸರಿನಲ್ಲೇ ಓಡಾಡುತ್ತವೆ. ಹಬ್ಬದ ವಾರದಲ್ಲಿ ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಫೆರ್ರಿಯ ಟಿಕೆಟ್ ಸಿಗುವುದೇ ಕಷ್ಟ. ವೇಗದ ಖಾಸಗಿ ದೋಣಿಯಲ್ಲಿ ಒಂದೂವರೆ ಗಂಟೆ, ಸರ್ಕಾರಿ ದೋಣಿಯಲ್ಲಿ ಇನ್ನೂ ನಿಧಾನ. ನನಗೆ ಸರ್ಕಾರಿ ದೋಣಿಯೇ ಇಷ್ಟ. ಅದರಲ್ಲಿ ಡೆಕ್ಕಿನ ಮೇಲೆ ನಿಲ್ಲಬಹುದು. ಬಂದರಿನ ಹಸಿರು ನೀರು ಹಿಂದೆ ಸರಿದು ಮಸಿಯಂಥ ನೀಲಿ ಬರುತ್ತದೆ. ದೋಣಿಯ ಮೂತಿ ಸೀಳಿದ ನೀರಿನಿಂದ ಹಾರುವ ಮೀನುಗಳು ಚಿಮ್ಮಿ, ಅಲೆಯ ಮೇಲೆಯೇ ತೇಲಿ, ಮತ್ತೆ ಒಳಗೆ ಮಾಯವಾಗುತ್ತವೆ. ಕೆಳಗಿನ ಅಟ್ಟದಲ್ಲಿ ಮೊಟ್ಟೆಯ ಟ್ರೇಗಳು, ಈರುಳ್ಳಿ ಚೀಲಗಳು, ಮೈದಾ, ಹಗ್ಗ ಬಿಗಿದ ಕೇಕಿನ ಡಬ್ಬಗಳು. ಇಲ್ಲಿ ಹಬ್ಬದಡುಗೆಯ ಅರ್ಧ ಸಾಮಾನು ಕಡಲು ದಾಟಿಯೇ ಬರಬೇಕು. ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣದಿಂದ ಹೊರಟ ಹಡಗು ಮೂರು ದಿನಕ್ಕೆ ತಂದದ್ದನ್ನು ಈ ಸಣ್ಣ ದೋಣಿಗಳು ದ್ವೀಪದಿಂದ ದ್ವೀಪಕ್ಕೆ ಹಂಚುತ್ತವೆ.

ಸ್ವರಾಜ್ ದ್ವೀಪದ ರಾಧಾನಗರ ಕಡಲತೀರ ಪಶ್ಚಿಮಕ್ಕೆ ಮುಖ ಮಾಡಿದೆ. ರಸ್ತೆಯಿಂದ ಕಡಲಿಗೆ ಇಳಿಯುವ ಮುನ್ನ ಸಮುದ್ರ ಮಹುವಾ ಮರಗಳ ಕಾಡು ದಾಟಬೇಕು. ಎತ್ತರದ, ನೆಟ್ಟಗಿನ ಕಾಂಡಗಳು, ತಲೆಯ ಮೇಲೆ ದಟ್ಟ ಎಲೆ. ಆ ನೆರಳಿನಿಂದ ಹೊರಬಂದದ್ದೇ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಹಿಟ್ಟಿನಷ್ಟು ನಯವಾದ ಬಿಳಿ ಮರಳು, ಅದರ ಮೇಲೆ ತೆಳ್ಳಗೆ ಹರಡಿ ಹಿಂದೆ ಸರಿಯುವ ನೀರು. ನೀರು ಸರಿದ ಜಾಗದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡಿ. ಉಗುರಿಗಿಂತ ಚಿಕ್ಕ ಏಡಿಯೊಂದು ತೂತಿನಿಂದ ಹೊರಬರುತ್ತದೆ. ಮರಳನ್ನು ಎರಡೂ ಕೊಂಬಿನಿಂದ ಬಾಯಿಗೆ ತುರುಕುತ್ತದೆ, ಅದರಲ್ಲಿರುವ ಆಹಾರವನ್ನು ಹೀರಿಕೊಂಡು ಉಳಿದ ಮರಳನ್ನು ಗುಂಡಗೆ ಉಂಡೆ ಕಟ್ಟಿ ಹಿಂದಕ್ಕೆ ತಳ್ಳುತ್ತದೆ. ಮತ್ತೆ ಒಂದು ಹೆಜ್ಜೆ, ಮತ್ತೊಂದು ಉಂಡೆ. ಅರ್ಧ ಗಂಟೆಯಲ್ಲಿ ತೂತಿನ ಸುತ್ತ ನೂರಾರು ಉಂಡೆಗಳ ಸಾಲು ಹರಡಿರುತ್ತದೆ. ಮುಂದಿನ ಉಬ್ಬರ ಬಂದು ಎಲ್ಲವನ್ನೂ ಅಳಿಸುತ್ತದೆ. ನೀರು ಇಳಿದಾಗ ಏಡಿ ಮೊದಲಿನಿಂದ ಶುರುಮಾಡುತ್ತದೆ.

ಈ ದ್ವೀಪದ ಊರುಗಳ ಹೆಸರು ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ದೇಶವಿಭಜನೆಯಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾದ ರೈತರನ್ನು 1950ರ ದಶಕದಲ್ಲಿ ಸರ್ಕಾರ ಇಲ್ಲಿಗೆ ಕರೆತಂದು ನೆಲೆಗೊಳಿಸಿತು. ಕಾಡು ಕಡಿದು ಗದ್ದೆ ಮಾಡಿದವರು ಅವರು. ಅವರ ಮೊಮ್ಮಕ್ಕಳು ಇಂದು ಹೋಟೆಲು ನಡೆಸುತ್ತಾರೆ, ಡೈವಿಂಗ್ ಕಲಿಸುತ್ತಾರೆ, ಮೀನು ಮಾರುತ್ತಾರೆ. ಮನೆಯಲ್ಲಿ ದುರ್ಗಾಪೂಜೆ ಮಾಡುವವರೇ ಡಿಸೆಂಬರ್ ಬಂತೆಂದರೆ ಅಂಗಡಿಯ ಮುಂದೆ ನಕ್ಷತ್ರ ಕಟ್ಟುತ್ತಾರೆ. ಪ್ರವಾಸಿಗರಿಗಾಗಿ ಕಟ್ಟಿದ್ದು ಎಂದುಕೊಂಡಿದ್ದೆ. ಮೀನೂಟ ಬಡಿಸುತ್ತಿದ್ದ ಹಿರಿಯರನ್ನು, ‘ದಾದಾ, ನಿಮಗೂ ಈ ಹಬ್ಬ ಇದೆಯಾ?’ ಎಂದು ಕೇಳಿದೆ. ‘ಪಕ್ಕದ ಮನೆಯವರ ಹಬ್ಬ ಅಂದಮೇಲೆ ನಮ್ಮದೂ ಹೌದಲ್ಲಾ’ ಎಂದರು, ಸಾರಿನ ಸೌಟು ಎತ್ತುತ್ತಲೇ.

ಆ ಪಕ್ಕದ ಮನೆಯವರು ಯಾರೆಂದು ತಿಳಿಯಲು ಕಾಡಂಚಿನ ಹಳ್ಳಿಗಳಿಗೆ ಹೋಗಬೇಕು. ದಕ್ಷಿಣ ಅಂಡಮಾನ್‌ನಿಂದ ಬಾರಾಟಾಂಗ್, ಮಧ್ಯ ಅಂಡಮಾನ್‌ವರೆಗೆ ಚದುರಿರುವ ಒಂದು ಜನಸಮುದಾಯವನ್ನು ಎಲ್ಲರೂ ‘ರಾಂಚಿಗಳು’ ಎನ್ನುತ್ತಾರೆ. ಛೋಟಾನಾಗಪುರದ ಉರಾಂವ್, ಮುಂಡಾ, ಖಾರಿಯಾ ಬುಡಕಟ್ಟುಗಳವರು. 1918ರಿಂದ ಬ್ರಿಟಿಷ್ ಸರ್ಕಾರ ರಾಂಚಿಯ ಕಡೆಯಿಂದ ಇವರನ್ನು ಮರ ಕಡಿಯುವ ಕೂಲಿಗೆಂದು ತಂದಿತು. ಪಡೌಕ್ ಮರದ ದಿಮ್ಮಿಗಳನ್ನು ಕಾಡಿನಿಂದ ಹೊರಗೆಳೆದದ್ದು, ರಸ್ತೆ ಹಾಕಿದ್ದು, ಬಂದರಿನ ಹೊರೆ ಹೊತ್ತದ್ದು ಈ ಕೈಗಳು. ಗುತ್ತಿಗೆ ಮುಗಿದಮೇಲೆ ಮರಳಿ ಹೋದವರು ಕೆಲವರು, ಇಲ್ಲಿಯೇ ತುಂಡು ನೆಲ ಹದಮಾಡಿಕೊಂಡು ಉಳಿದವರು ಹಲವರು. ಇವರಲ್ಲಿ ಬಹುಪಾಲು ಕ್ರೈಸ್ತರು. ತವರಿನಲ್ಲಿ ಇವರ ಬಂಧುಗಳು ಪರಿಶಿಷ್ಟ ಪಂಗಡ. ಇಲ್ಲಿ ಆ ಮಾನ್ಯತೆ ಇವರಿಗೆ ಸಿಕ್ಕಿಲ್ಲ. ಆ ಬೇಡಿಕೆ ತುಂಬ ಹಳೆಯದು, ನ್ಯಾಯವಾದದ್ದು.

ಡಿಸೆಂಬರ್ 24ರ ಮಧ್ಯಾಹ್ನ ಅಂಥದೊಂದು ಹಳ್ಳಿಯ ಅಂಗಳದಲ್ಲಿ ಒಲೆ ಉರಿಯುತ್ತಿತ್ತು. ನೆನೆಸಿದ ಅಕ್ಕಿಯನ್ನು ನೀರು ಬಸಿದು, ತೇವ ಆರುವ ಮುನ್ನ ಕುಟ್ಟಿ, ಹಿಟ್ಟನ್ನು ಬೆಲ್ಲದ ಪಾಕಕ್ಕೆ ಸುರಿದು ಮರದ ಸೌಟಿನಲ್ಲಿ ತಿರುವುತ್ತಿದ್ದರು. ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟಾಗ ಅಂಚು ಕೆಂಪಾಗಿ ಮೇಲೆದ್ದು ಬಂತು. ಅವರು ಅದನ್ನು ಅರ್ಸಾ ಎಂದರು. ನನ್ನ ಕಣ್ಣಿಗೆ, ಮೂಗಿಗೆ, ನಾಲಿಗೆಗೆ ಅದು ದೀಪಾವಳಿಯ ಕಜ್ಜಾಯ. ‘ದೀದಿ, ಪಾಕ ಎಷ್ಟು ಬರಬೇಕು?’ ಎಂದೆ. ‘ನೀರಿಗೆ ಒಂದು ಹನಿ ಹಾಕಿ ನೋಡು ಭಯ್ಯಾ. ಕರಗದೆ ಮೆತ್ತಗೆ ಉಂಡೆ ಆಗಬೇಕು. ಅವಸರ ಮಾಡಿದರೆ ಎಣ್ಣೆಯಲ್ಲಿ ಒಡೆದುಹೋಗುತ್ತದೆ’ ಎಂದು ತೋರಿಸಿದರು. ಬದಿಯಲ್ಲಿ ಹುಡುಗರು ಬಿದಿರು ಸೀಳಿ, ಹುಲ್ಲು ಹೊದಿಸಿ ಗೋದಲಿ ಕಟ್ಟುತ್ತಿದ್ದರು. ತೆಂಗಿನ ಗರಿಯ ಮಾಡು, ಸಮುದ್ರದ ಮರಳಿನ ನೆಲ, ಹಸುವಿನ ಜೊತೆಗೆ ಎರಡು ಮಣ್ಣಿನ ಹಂದಿಮರಿ.

ಮಧ್ಯರಾತ್ರಿಯ ಬಲಿಪೂಜೆ ಮುಗಿದದ್ದೇ ಚರ್ಚಿನ ಮುಂದಿನ ಬಯಲಿನಲ್ಲಿ ಮಾಂದರ್ ಸದ್ದು ಎದ್ದಿತು. ಕೊರಳಿಗೆ ನೇತುಹಾಕಿಕೊಂಡು ಎರಡೂ ಬದಿಗೆ ಬಡಿಯುವ ಮಣ್ಣಿನ ಚರ್ಮವಾದ್ಯ ಅದು. ಹೆಂಗಸರು ತೋಳಿಗೆ ತೋಳು ಹೆಣೆದು ಸಾಲಾಗಿ ನಿಂತರು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಸ್ವಲ್ಪ ಬಾಗಿ ಮತ್ತೆ ನೇರ. ಹಾಡು ಸಾದರಿ ಭಾಷೆಯದು. ಅದರಲ್ಲಿ ಯೇಸು ಹುಟ್ಟಿದ ಸುದ್ದಿ ಹೊಲದ ಕೆಲಸಗಾರರಿಗೆ ಮೊದಲು ತಿಳಿಯುತ್ತದೆ. ಎಪ್ಪತ್ತು ದಾಟಿದ ಅಜ್ಜಿಯಿಂದ ಹಿಡಿದು ಕಾಲೇಜಿನ ಹುಡುಗಿಯವರೆಗೆ ಒಂದೇ ಸಾಲು, ಒಂದೇ ಹೆಜ್ಜೆ. ರಾಂಚಿಯನ್ನು ಎಂದೂ ನೋಡದವರು ರಾಂಚಿಯ ತಾಳವನ್ನು ಕಾಲಿನಲ್ಲಿ ಉಳಿಸಿಕೊಂಡಿದ್ದಾರೆ. ನೂರು ವರ್ಷದ ಹಿಂದೆ ಕೊಡಲಿ ಹಿಡಿದು ಬಂದವರು ತಂದದ್ದು ಇಷ್ಟೇ: ಒಂದು ತಾಳ, ಒಂದು ತಿಂಡಿ, ಒಂದು ನಂಬಿಕೆ.

ಇವರನ್ನು ತಂದವರ ಕ್ರಿಸ್‌ಮಸ್ ಏನಾಯಿತೆಂದು ನೋಡಬೇಕಾದರೆ ಅಬರ್ಡೀನ್ ಜೆಟ್ಟಿಯ ಎದುರಿಗಿರುವ ಪುಟ್ಟ ರಾಸ್ ದ್ವೀಪಕ್ಕೆ ಹೋಗಬೇಕು. ಈಗ ಅದು ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ. 1858ರಲ್ಲಿ ಇಲ್ಲಿ ಕೈದಿಗಳ ವಸಾಹತು ಆರಂಭವಾದ ಮೇಲೆ ಬ್ರಿಟಿಷ್ ಅಧಿಕಾರಿಗಳು ನೆಲೆಸಿದ್ದು ಈ ದ್ವೀಪದಲ್ಲಿ. ಕೈದಿಗಳ ದುಡಿಮೆಯಿಂದಲೇ ಬಂಗಲೆ, ಬೇಕರಿ, ನೃತ್ಯದ ಹಾಲು, ಚರ್ಚು ಎದ್ದವು. 1941ರ ಜೂನ್‌ನಲ್ಲಿ ಭೂಕಂಪ ಆಯಿತು, ಮರುವರ್ಷ ಜಪಾನೀಯರು ಬಂದರು, ಅಲ್ಲಿಗೆ ಆ ವೈಭವ ಮುಗಿಯಿತು. ಇಂದು ಆ ಚರ್ಚಿನ ಗೋಡೆಗಳನ್ನು ಅತ್ತಿ ಜಾತಿಯ ಮರಗಳ ಬೇರುಗಳು ಬಿಗಿದು ಹಿಡಿದಿವೆ. ಕಿಟಕಿಯ ಕಮಾನಿನೊಳಗಿಂದ ಬೇರು ಇಳಿದು ನೆಲ ಸೇರಿದೆ. ಛಾವಣಿಯಿಲ್ಲದ ಒಳಾಂಗಣದಲ್ಲಿ ಜಿಂಕೆಗಳು ಮೇಯುತ್ತವೆ. ಆಳಿದವರ ಚರ್ಚಿನಲ್ಲಿ ಮರ ಬೆಳೆದಿದೆ. ಕೂಲಿಗೆ ಬಂದವರ ಚರ್ಚಿನಲ್ಲಿ ಗಂಟೆ ಬಾರಿಸುತ್ತಿದೆ. ಹಬ್ಬವನ್ನು ಉಳಿಸುವುದು ದುಡಿದು ಬದುಕುವವರು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ನಾನು ಕಂಡಿಲ್ಲ.

ಹಬ್ಬದ ಮುಂಚಿನ ದಿನಗಳಲ್ಲಿ ಶ್ರೀವಿಜಯಪುರಂನ ಹ್ಯಾಡೋ ಬಂದರಿನಲ್ಲಿ ನಿಂತರೆ ಇನ್ನೊಂದು ಕ್ರಿಸ್‌ಮಸ್ ಹಡಗು ಹತ್ತುವುದನ್ನು ನೋಡಬಹುದು. ಓದಲು, ನೌಕರಿಗೆ ಬಂದ ನಿಕೋಬಾರಿಗಳು ಊರಿಗೆ ಹೊರಟಿರುತ್ತಾರೆ. ಗಿಟಾರು, ಹೊಸ ಬಟ್ಟೆಯ ಚೀಲ, ಬಣ್ಣದ ಕಾಗದ, ಮಕ್ಕಳ ಸೈಕಲ್. ಕಾರ್ ನಿಕೋಬಾರ್ ಇಲ್ಲಿಂದ ದಕ್ಷಿಣಕ್ಕೆ ಸುಮಾರು 270 ಕಿಲೋಮೀಟರ್. ನಾವು ಪ್ರವಾಸಿಗರು ಅಲ್ಲಿಗೆ ಹೋಗುವಂತಿಲ್ಲ. ಮೂಲನಿವಾಸಿಗಳ ರಕ್ಷಣೆಗಾಗಿ 1956ರಲ್ಲಿ ಬಂದ ಕಾನೂನು ಆ ಬಾಗಿಲನ್ನು ಮುಚ್ಚಿದೆ. ಮುಚ್ಚಿರುವುದೇ ಸರಿ. ಅಲ್ಲಿನ ಹಬ್ಬದ ಬಗ್ಗೆ ಹಡಗು ಕಾಯುತ್ತ ನಿಂತವರ ಬಾಯಿಂದ ಕೇಳಿದರೆ ಸಾಕು. ತುಹೆಟ್ ಎಂಬ ದೊಡ್ಡ ಅವಿಭಕ್ತ ಕುಟುಂಬಗಳೆಲ್ಲ ಒಟ್ಟಾಗುತ್ತವೆ, ಹಂದಿಯ ಅಡುಗೆ ಆಗುತ್ತದೆ, ಊರಿಂದೂರಿಗೆ ಹಾಡುತ್ತ ಹೋಗುತ್ತಾರೆ, ಹೊಸ ವರ್ಷದವರೆಗೂ ಸಡಗರ.

ಈ ಹಬ್ಬಕ್ಕೆ ಅಲ್ಲಿನ ನೆಲದ ಭಾಷೆ ಕೊಟ್ಟವರು ಜಾನ್ ರಿಚರ್ಡ್‌ಸನ್. 1884ರಲ್ಲಿ ಕಾರ್ ನಿಕೋಬಾರ್‌ನಲ್ಲಿ ಹುಟ್ಟಿ, ಬರ್ಮಾದ ಮಂಡಾಲೆಯಲ್ಲಿ ಓದಿ, ಊರಿಗೆ ಮರಳಿ ಮೇಷ್ಟರಾದರು. ಹೊಸ ಒಡಂಬಡಿಕೆಯನ್ನು ನಿಕೋಬಾರಿ ಭಾಷೆಗೆ ತಂದರು. ಜಪಾನೀಯರ ಆಳ್ವಿಕೆಯಲ್ಲಿ ಸೆರೆಯಾಗಿ, ಸಾವಿನ ಹತ್ತಿರ ಹೋಗಿ ಬದುಕಿಬಂದರು. ಮುಂದೆ ಬಿಷಪ್ ಆದರು, ಮೊದಲ ಲೋಕಸಭೆಗೆ ನಾಮನಿರ್ದೇಶನಗೊಂಡು ತಮ್ಮ ಜನರ ದನಿಯಾದರು. ಅವರ ಹೆಸರು ಹೇಳುವಾಗ ನಿಕೋಬಾರಿಗಳು ತಂದೆಯ ಹೆಸರು ಹೇಳುವಂತೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

2004ರಲ್ಲೂ ಕ್ರಿಸ್‌ಮಸ್ ಹೀಗೆಯೇ ಬಂದಿತ್ತು. ಶನಿವಾರ ಹಬ್ಬ, ಹಾಡು, ಊಟ. ಮರುದಿನ ಭಾನುವಾರ, ಡಿಸೆಂಬರ್ 26. ಬೆಳಿಗ್ಗೆ ಆರೂವರೆಯ ಹೊತ್ತಿಗೆ ಸುಮಾತ್ರಾದ ಬಳಿ ಸಮುದ್ರತಳ ಸೀಳಿತು. ಭೂಕಂಪದ ತೀವ್ರತೆ 9.1. ಕಾರ್ ನಿಕೋಬಾರ್ ಚಪ್ಪಟೆಯಾದ ದ್ವೀಪ, ಊರುಗಳೆಲ್ಲ ಕರಾವಳಿಯ ಗುಂಟ. ಹಬ್ಬಕ್ಕೆಂದು ಊರು ಸೇರಿದ್ದವರ ಮೇಲೆ ಸುನಾಮಿಯ ಅಲೆಗಳು ಬಂದವು. ಅಧಿಕೃತ ಲೆಕ್ಕದಲ್ಲೇ ಈ ದ್ವೀಪಸಮೂಹದಲ್ಲಿ ಸತ್ತವರು, ಕಾಣೆಯಾದವರು ಮೂರೂವರೆ ಸಾವಿರದ ಆಸುಪಾಸು. ಕಚಾಲ್ ದ್ವೀಪದ ಊರುಗಳು ನಾಶವಾದವು. ದೇಶದ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿನ ದೀಪಸ್ತಂಭ ನೀರಿನ ನಡುವೆ ನಿಂತಿತು. ಉತ್ತರ ಅಂಡಮಾನ್‌ನಲ್ಲಿ ನೆಲ ಮೇಲೆದ್ದು ಹವಳದ ದಂಡೆಗಳು ಬಿಸಿಲಿಗೆ ಬಿದ್ದು ಸತ್ತವು. ಶ್ರೀವಿಜಯಪುರಂನಿಂದ ವಂಡೂರಿನ ಕಡಲ ಉದ್ಯಾನಕ್ಕೆ ಹೋಗುವಾಗ ಸಿಪ್ಪಿಘಾಟ್ ಸಿಗುತ್ತದೆ. ಅಲ್ಲಿ ಅಂದು ಭತ್ತದ ಗದ್ದೆಗಳಿದ್ದವು. ನೆಲ ತಗ್ಗಿ ಒಳನುಗ್ಗಿದ ಉಪ್ಪುನೀರು ಮರಳಿ ಹೋಗಲೇ ಇಲ್ಲ.

ಆದ್ದರಿಂದ ಇಲ್ಲಿ 25 ಮತ್ತು 26 ಒಂದಕ್ಕೊಂದು ಅಂಟಿಕೊಂಡ ದಿನಗಳು. ಕೇಕು ಹಂಚಿದ ಮನೆಗಳಲ್ಲಿ ಮರುದಿನ ಮೇಣದ ಬತ್ತಿ ಹಚ್ಚುತ್ತಾರೆ, ತೀರಿಹೋದವರಿಗಾಗಿ ಪ್ರಾರ್ಥಿಸುತ್ತಾರೆ. ಹಾಗೆಂದು ಹಬ್ಬ ಕೈಬಿಟ್ಟಿಲ್ಲ. ‘ಸತ್ತವರೂ ನಮ್ಮ ಜೊತೆ ಕುಳಿತು ಹಾಡಿದ ಕೊನೆಯ ಹಬ್ಬ ಇದು. ಬಿಟ್ಟುಬಿಟ್ಟರೆ ಅವರನ್ನೇ ಬಿಟ್ಟಹಾಗೆ’ ಎಂದು ಬಂದರಿನಲ್ಲಿ ಸಿಕ್ಕ ನಿಕೋಬಾರಿ ತಾಯಿಯೊಬ್ಬರು ಹೇಳಿದರು. ತಮ್ಮ ಕಡೆಯವರಲ್ಲಿ ಎಷ್ಟೋ ಜನರನ್ನು ಕಳೆದುಕೊಂಡವರು ಆ ಮಾತನ್ನು ಕಣ್ಣೀರಿಲ್ಲದೆ, ಲೋಕದ ನಿಯಮ ಹೇಳುವಂತೆ ಹೇಳಿದರು.

ಗ್ರೇಟ್ ನಿಕೋಬಾರ್‌ನಲ್ಲಿ ಸುನಾಮಿಯಿಂದ ಹುಟ್ಟೂರು ಬಿಟ್ಟವರು ಮತ್ತೆ ತಮ್ಮ ಹಿರಿಯರ ಊರುಗಳಿಗೆ ಹೋಗಲು ಬಿಡಿ ಎಂದು ಇಂದಿಗೂ ಕೇಳುತ್ತಿದ್ದಾರೆ. ಅದೇ ದ್ವೀಪದ ಗಲಾಥಿಯಾ ಕೊಲ್ಲಿಯಲ್ಲಿ ಬೃಹತ್ ಬಂದರು ಕಟ್ಟುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ದೊರೆತಿದೆ. ಆ ಮರಳಿಗೆ ದೈತ್ಯ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಹಬ್ಬಕ್ಕೆ ಊರಿಗೆ ಹೋಗುವುದು ಎಂದರೇನೆಂದು ಬಲ್ಲ ನಾವು, ಹೋಗಲು ಊರೇ ಬೇಕೆಂದು ಕೇಳುವವರ ಮಾತಿಗೆ ಮೊದಲು ಕಿವಿಗೊಡಬೇಕು.

ಬೆಂಗಳೂರಿನಿಂದ ಈಗ ನೇರ ವಿಮಾನವಿದೆ, ಕ್ರಿಸ್‌ಮಸ್ ರಜೆಗೆ ಕನ್ನಡದ ಕುಟುಂಬಗಳು ಧಾರಾಳವಾಗಿ ಬರುತ್ತಿವೆ. ಬರಬೇಕು. ಈ ನೀರು, ಈ ಕಾಡು ಮಕ್ಕಳ ಕಣ್ಣು ತೆರೆಸುತ್ತವೆ. ಬಂದವರು ಚಿಪ್ಪು, ಹವಳದ ತುಂಡು ಹೆಕ್ಕಿ ಚೀಲಕ್ಕೆ ಹಾಕಬಾರದು. ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಮನೆ. ಕುಡಿಯುವ ನೀರಿಗೆ ಮಳೆಯನ್ನೇ ನಂಬಿದ ದ್ವೀಪವಿದು, ನಲ್ಲಿಯನ್ನು ಹಿಡಿತದಲ್ಲಿ ತಿರುಗಿಸಬೇಕು. ಮೂಲನಿವಾಸಿಗಳಾದ ಜಾರವಾಗಳ ಕಾಡಿನ ರಸ್ತೆಯಲ್ಲಿ ಕ್ಯಾಮೆರಾ ಒಳಗಿಡಬೇಕು. ಇವೆಲ್ಲ ನಿಯಮಗಳು, ಪಾಲಿಸುವುದು ಕಷ್ಟವಲ್ಲ. ಅದಕ್ಕೂ ಮೇಲೆ ಒಂದು ಮಾತು: 25ರ ರಾತ್ರಿಗೇ ಪೆಟ್ಟಿಗೆ ಕಟ್ಟಬೇಡಿ. 26ರಂದೂ ಉಳಿಯಿರಿ. ಹತ್ತಿರದ ಯಾವುದಾದರೂ ಚರ್ಚಿನ ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳಿ, ಪೂಜೆ ಮುಗಿದ ಮೇಲೆ ಪಕ್ಕದವರನ್ನು ಮಾತನಾಡಿಸಿ. ಹಿಂದಿನ ದಿನ ತಿಂಡಿ ಕೊಟ್ಟವರ ದುಃಖಕ್ಕೂ ಪಾಲುದಾರರಾದಾಗ ನಾವು ಅತಿಥಿಗಳಾಗುತ್ತೇವೆ. ಅಲ್ಲಿಯವರೆಗೆ ನಾವು ಬರೀ ಗಿರಾಕಿಗಳು.