ನಾವು ಯಾರ ಕಡೆ? – ಅಕ್ಕಲಕೋಟೆಯಿಂದ ಕಂಡ ಒಂದು ಹಾಕಿ ಪಂದ್ಯಾಟ

ಅಕ್ಕಲಕೋಟೆ ಸೀಮೆಯ ಹುಡುಗರಿಗೆ ಆಟವೆಂದರೆ ಕಬಡ್ಡಿ, ಖೋ-ಖೋ. ಬ್ಯಾಟು ಸಿಕ್ಕಿದರೆ ಕ್ರಿಕೆಟ್. ಹಾಕಿ ದಾಂಡನ್ನು ಕೈಯಲ್ಲಿ ಹಿಡಿದವರು ನನ್ನ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ಆದರೂ 2012ರ ಮಾರ್ಚಿಯಲ್ಲಿ, ಹೊಲಗಳಲ್ಲಿ ಜೋಳದ ರಾಶಿ ನಡೆದಿದ್ದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ, ಹಾಕಿಯೊಳಗ ನಾವು ಯಾರ ಕಡೀರಿ? ಪುಣೇದ ಕಡೀನೋ, ಕರ್ನಾಟಕದ ಕಡೀನೋ?"

ಪ್ರಶ್ನೆ ಬಂದದ್ದು ಕೇಬಲ್ ಟಿ.ವಿ.ಯಿಂದ. ಆ ವರ್ಷ ಫೆಬ್ರವರಿ 29ರಿಂದ ಏಪ್ರಿಲ್ 2ರವರೆಗೆ ‘ವರ್ಲ್ಡ್ ಸೀರೀಸ್ ಹಾಕಿ’ ಎಂಬ ಪಂದ್ಯಾಟ ನಡೆಯಿತು. ಪಂಜಾಬ, ಚಂಡೀಗಢ, ದೆಹಲಿ, ಭೋಪಾಲ, ಮುಂಬಯಿ, ಪುಣೆ, ಚೆನ್ನೈ, ಕರ್ನಾಟಕ – ಹೀಗೆ ಎಂಟು ತಂಡಗಳು. ಪ್ರತಿಯೊಂದು ತಂಡವೂ ಉಳಿದ ಏಳರ ಜೊತೆ ಎರಡೆರಡು ಸಲ ಆಡಿ, ಸೆಮಿಫೈನಲ್, ಫೈನಲ್ ಸೇರಿ ಒಟ್ಟು 59 ಆಟಗಳು. ಕೇರಳಕ್ಕೆ ತಂಡವೇ ಇರಲಿಲ್ಲವಾದ್ದರಿಂದ ಕಾಸರಗೋಡಿನ ಮಕ್ಕಳು ಈ ಪೇಚಿಗೆ ಸಿಕ್ಕಿರಲಾರರು. ನಮಗೆ ಮಾತ್ರ ಒಂದಲ್ಲ, ಎರಡು ತಂಡ. ಮುಂಬಯಿಯನ್ನೂ ಲೆಕ್ಕಕ್ಕೆ ಹಿಡಿದರೆ ಮೂರು.

ನಿಮ್ಮ ಊರಿಗೂ ನಮ್ಮ ಊರಿಗೂ ಇರುವ ನಂಟನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಇಬ್ಬರೂ ಹೊರಗುಳಿದೆವು. 1967ರ ಮಹಾಜನ್ ಆಯೋಗದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡೂ ನಮ್ಮ ಅಕ್ಕಲಕೋಟೆ ಸೀಮೆಯೂ ಕರ್ನಾಟಕಕ್ಕೆ ಸೇರಬೇಕೆಂಬ ಶಿಫಾರಸು ಬಂತು. ಎರಡೂ ಆಗಲಿಲ್ಲ. ಇದೆಲ್ಲ ದೊಡ್ಡವರ ಸಂಗತಿ. ಹುಡುಗ ಕೇಳಿದ್ದು ಬರಿಯ ಹಾಕಿಯ ಮಾತು. ಆದರೆ ಉತ್ತರ ಕೊಡಹೊರಟಾಗ ನನಗೆ ನಾಲಗೆ ತೊಡರಿತು.

ಏಕೆಂದರೆ ಸೊಲ್ಲಾಪುರದವರಿಗೆ ಪುಣೆ ಹೊರಗಿನ ಊರಲ್ಲ. ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನದೊಳಗೆ ಪುಣೆ. ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. ಓದು, ಕೆಲಸ, ದೊಡ್ಡ ಆಸ್ಪತ್ರೆ ಎಲ್ಲಕ್ಕೂ ನಮ್ಮವರು ಹೋಗುವುದು ಪುಣೆಗೆ. ಇನ್ನೂ ಒಂದು ಮಾತು ಹೇಳಿದರೆ ನಗಬೇಡಿ: ನಮ್ಮ ಮಕ್ಕಳ ಕನ್ನಡ ಪಠ್ಯಪುಸ್ತಕವನ್ನು ಹೊರತರುವ ಬಾಲಭಾರತಿ ಸಂಸ್ಥೆ ಇರುವುದೂ ಪುಣೆಯಲ್ಲೇ. ನಮ್ಮ ಶಾಲೆಯ ಕನ್ನಡವೇ ಪುಣೆಯ ದಾರಿಯಿಂದ ಬರುತ್ತದೆಂದ ಮೇಲೆ, ಪುಣೆ ತಂಡಕ್ಕೆ ಚಪ್ಪಾಳೆ ತಟ್ಟಬೇಡಿರೆಂದು ಯಾವ ಬಾಯಿಂದ ಹೇಳಲಿ?

ಇತ್ತ ‘ಕರ್ನಾಟಕ ಲಯನ್ಸ್’ ತಂಡದ ನಾಯಕ ಕೊಡಗಿನ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ, 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಆಡಿದವರು. ಕೊಡಗು ನಿಮಗೆ ಪಾಣತ್ತೂರಿನ ಘಟ್ಟ ಹತ್ತಿದರೆ ಸಿಗುವ ನೆರೆ. ಅಲ್ಲಿಯ ಹಾಕಿಯ ಹುಚ್ಚನ್ನು ನೀವು ಬಲ್ಲಿರಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಈಗ ನೂರಾರು ಮನೆತನಗಳು ಬರುತ್ತವೆ. ನಮ್ಮ ಬಯಲುಸೀಮೆಯ ಮಕ್ಕಳಿಗೆ ಇದೊಂದೂ ತಿಳಿಯದು. ಅವರಿಗೆ ತಿಳಿದದ್ದು ಇಷ್ಟೆ: ಟಿ.ವಿ.ಯಲ್ಲಿ ‘ಕರ್ನಾಟಕ’ ಎಂದು ಬರೆದಿದೆ, ನಾವು ಮನೆಯಲ್ಲಿ ಕನ್ನಡ ಮಾತಾಡುತ್ತೇವೆ.

ನಾನು ಹುಡುಗರಿಗೆ ಧನರಾಜ್ ಪಿಳ್ಳೆಯ ಕಥೆ ಹೇಳಿದೆ. ಹುಟ್ಟಿದ್ದು ಪುಣೆಯ ಖಡಕಿಯಲ್ಲಿ, 1968ರಲ್ಲಿ. ತಮಿಳು ಮನೆತನ; ತಂದೆ ಮದ್ದುಗುಂಡಿನ ಕಾರ್ಖಾನೆಯ ಮೈದಾನ ನೋಡಿಕೊಳ್ಳುವವರು. ಮುರಿದ ದಾಂಡು, ಬಿಸಾಡಿದ ಚೆಂಡು ಹಿಡಿದು ಧೂಳಿನಲ್ಲಿ ಆಟ ಕಲಿತವರು. ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್ ಆಡಿದರು. 1998ರ ಏಷ್ಯನ್ ಕ್ರೀಡೆಗಳಲ್ಲಿ ಇವರ ನಾಯಕತ್ವದಲ್ಲಿ ಭಾರತ ಚಿನ್ನ ಗೆದ್ದಿತು. ಅಂಥವರು 43ನೆಯ ವಯಸ್ಸಿನಲ್ಲಿ ಮತ್ತೆ ದಾಂಡು ಹಿಡಿದು ಈ ಪಂದ್ಯಾಟಕ್ಕೆ ಬಂದರಲ್ಲ, ಯಾರ ಪರ? ತಮ್ಮ ಊರಿನ ಹೆಸರಿನ ತಂಡವಿದ್ದೂ ಅವರು ತೊಟ್ಟದ್ದು ಕರ್ನಾಟಕದ ಅಂಗಿ. ಪುಣೆಯಲ್ಲಿ ಹುಟ್ಟಿದ ತಮಿಳರು ಕರ್ನಾಟಕದ ಪರ ಆಡಬಹುದಾದರೆ ನೀವು ಯಾರ ಪರವಾದರೂ ಕೂಗಬಹುದು ಎಂದೆ. ಹುಡುಗನಿಗೆ ಸಮಾಧಾನವಾಗಲಿಲ್ಲ. "ಅವರಿಗೆ ರೊಕ್ಕ ಕೊಟ್ಟಾರಲ್ರಿ ಸರ, ನಮಗ ಯಾರು ಕೊಡ್ತಾರ?" ಎಂದ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ.

ಅಂತೂ ಆ ತಿಂಗಳು ಕರೆಂಟು ಇದ್ದಷ್ಟು ಹೊತ್ತು ಹುಡುಗರು ಹಾಕಿ ನೋಡಿದರು. ಹೆಚ್ಚಿನವರು ಕರ್ನಾಟಕದ ಕಡೆ ಸೇರಿದ್ದರು. ಆದರೆ ಏಪ್ರಿಲ್ 2ರಂದು ಮುಂಬಯಿಯ ಫೈನಲ್ಲಿನಲ್ಲಿ ನಿಂತದ್ದು ‘ಶೇರ್-ಎ-ಪಂಜಾಬ್’ ಮತ್ತು ‘ಪುಣೆ ಸ್ಟ್ರೈಕರ್ಸ್’. ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೇ ಬಾಯಲ್ಲಿ ಪುಣೆ ಪುಣೆ ಎಂದು ಕೂಗಿದರಂತೆ. ಪಂಜಾಬ 5–2ರಿಂದ ಗೆದ್ದಿತು. ಮರುದಿನ ತರಗತಿಯಲ್ಲಿ ಎಲ್ಲರದೂ ಒಂದೇ ಸಪ್ಪೆ ಮೋರೆ.

ಆ ಪಂದ್ಯಾಟದ ಗತಿಯನ್ನೂ ಹೇಳಿಬಿಡಬೇಕು. ಅಂತಾರಾಷ್ಟ್ರೀಯ ಹಾಕಿ ಸಂಸ್ಥೆಯ ಮನ್ನಣೆ ಅದಕ್ಕಿರಲಿಲ್ಲ. ಭಾರತ ತಂಡ ಆರಂಭದ ಮೂರೇ ದಿನ ಮೊದಲು ದೆಹಲಿಯಲ್ಲಿ ಫ್ರಾನ್ಸನ್ನು 8–1ರಿಂದ ಸೋಲಿಸಿ ಲಂಡನ್ ಒಲಿಂಪಿಕ್ಸಿಗೆ ಅರ್ಹತೆ ಪಡೆದಿತ್ತು. ಅದರ ಆಟಗಾರರು ಇತ್ತ ಸುಳಿಯಲಿಲ್ಲ. (ಲಂಡನ್ನಿನಲ್ಲಿ 12 ತಂಡಗಳಲ್ಲಿ ನಮಗೆ ಸಿಕ್ಕಿದ್ದು ಹನ್ನೆರಡನೆಯ ಸ್ಥಾನ, ಆ ಮಾತು ಬೇಡ.) ಸಲ್ಲಬೇಕಾದ ಹಣ ಪೂರ್ತಿ ಸಲ್ಲಲಿಲ್ಲವೆಂದು ಆಟಗಾರರು ದೂರಿದರು. ಎರಡನೆಯ ವರ್ಷದ ಆಟ ಮುಂದೆ ಹೋಯಿತು, ಮತ್ತೆ ನಡೆಯಲೇ ಇಲ್ಲ.

ಇದರ ಹಿಂದಿನ ‘ಪ್ರೀಮಿಯರ್ ಹಾಕಿ ಲೀಗ್’ ಕೂಡ 2005ರಿಂದ 2008ರವರೆಗೆ ನಾಲ್ಕು ಸಲ ನಡೆದು ನಿಂತಿತ್ತು. ಆ ನಾಲ್ಕರಲ್ಲಿ 2006ರದೂ 2008ರದೂ ಬೆಂಗಳೂರು ತಂಡದ ಪಾಲಾಗಿದ್ದವು. ಎರಡು ಭಾಗಗಳ ಆಟವನ್ನು ನಾಲ್ಕಾಗಿ ಒಡೆದದ್ದೂ ಆ ಲೀಗಿನ ಕೆಲಸ. ಹಳಬರು ಗೊಣಗಿದರು, 2014ರಲ್ಲಿ ಜಗತ್ತೇ ಅದನ್ನು ಒಪ್ಪಿಕೊಂಡಿತು.

ಆಮೇಲೆ 2013ರಲ್ಲಿ ಆರಂಭವಾದ ‘ಹಾಕಿ ಇಂಡಿಯಾ ಲೀಗ್’ನಲ್ಲಿ ಕರ್ನಾಟಕದ ತಂಡವೇ ಇಲ್ಲ. ಕೊಡಗಿನ ವಿ.ಆರ್. ರಘುನಾಥ್ 76,000 ಡಾಲರಿಗೆ ಉತ್ತರ ಪ್ರದೇಶದ ಪಾಲಾದರು, ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬಕ್ಕೆ ಆಡಿದರು. ಆಟಗಾರರನ್ನು ಕೊಟ್ಟ ನಾಡಿಗೆ ತಂಡವಿಲ್ಲದ್ದು ನನಗೆ ಆಗಲೂ ಸರಿಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಗಡಿಯಾಚೆಯ ನಮಗೆ ‘ಕರ್ನಾಟಕ’ ಎಂಬ ಹೆಸರು ಟಿ.ವಿ.ಯಲ್ಲಿ ಕಾಣುವುದೇ ಒಂದು ಪತ್ರ ಬಂದ ಹಾಗೆ.

2017ರಲ್ಲಿ ನಿಂತ ಆ ಲೀಗು 2024ರ ಡಿಸೆಂಬರಿನಲ್ಲಿ ರೂರ್ಕೆಲಾದಲ್ಲಿ ಮತ್ತೆ ಶುರುವಾಯಿತು. ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಫೋನು ಮಾಡಿದ: "ಸರ, ಈ ಸಲ ಕರ್ನಾಟಕ ಐತೇನ್ರಿ?"

ಇಲ್ಲ ಎಂದೆ.

"ಪುಣೆ?"

ಅದೂ ಇಲ್ಲ. ಎಂಟರಲ್ಲಿ ಮಹಾರಾಷ್ಟ್ರದ ಹೆಸರಿನದು ಒಂದೂ ಇರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಹೈದರಾಬಾದ್ ಹಿಡಿಯೂಣ್ರಿ ಸರ. ಸೊಲ್ಲಾಪುರದಾಗ ನಮ್ಮ ಓಣಿ ತುಂಬ ತೆಲುಗು ನೇಕಾರ ಮಂದಿನ ಅದಾರಲ್ರಿ" ಎಂದ. 2025ರ ಫೆಬ್ರವರಿ 1ರಂದು ಹೈದರಾಬಾದ್ ಫೈನಲ್ಲಿಗೂ ಬಂತು. ಬಂಗಾಲದ ಎದುರು 4–3ರಿಂದ ಸೋತಿತು. ಆ ರಾತ್ರಿ ಮತ್ತೆ ಅವನ ಫೋನು.