ಹಳೆಯ ಅಪರೂಪದ ಕಾರುಗಳ ಮಾರ್ಪಾಡು ಮತ್ತು ನಿತ್ಯ ಬಳಕೆ: ಮಾಲೀಕರ ಗಮನಕ್ಕೆ

1960ರ ದಶಕದ ಫೋರ್ಡ್ ಮಸ್ಟಾಂಗ್‌ನಂತಹ ಅಪರೂಪದ ಕಾರಿಗೆ ಹೊಸ ಎಂಜಿನ್ ಅಳವಡಿಸಿ ನಿತ್ಯ ಸಂಚಾರಕ್ಕೆ ಬಳಸಲು ಇಚ್ಛಿಸುವವರು, ವಾಹನವನ್ನು ಗ್ಯಾರೇಜಿಗೆ ಒಪ್ಪಿಸುವ ಮುನ್ನ ಈ ಅಂಶಗಳನ್ನು ಗಮನಿಸತಕ್ಕದ್ದು.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಮಾಡಲಾದ ತಿದ್ದುಪಡಿಯನ್ವಯ, ಪ್ರಥಮ ನೋಂದಣಿಯಿಂದ 50 ವರ್ಷ ಮೀರಿದ ಸ್ವಂತ ಬಳಕೆಯ ಕಾರನ್ನು ‘ವಿಂಟೇಜ್’ ವಾಹನವೆಂದು ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲಿಯೇ ಇರತಕ್ಕದ್ದು. ಚಾಸಿ, ಬಾಡಿ ಅಥವಾ ಎಂಜಿನ್ ಮಾರ್ಪಾಡಾಗಿದ್ದಲ್ಲಿ ಈ ಅರ್ಹತೆ ಇರುವುದಿಲ್ಲ. ಹೊಸ ನೋಂದಣಿ ಶುಲ್ಕ ರೂ. 20,000, ಅವಧಿ 10 ವರ್ಷ. ಹೀಗೆ ನೋಂದಣಿಯಾದ ಕಾರನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ಭರ್ತಿ ಹಾಗೂ ನಿರ್ವಹಣೆಗಾಗಿ ಮಾತ್ರ ರಸ್ತೆಗಿಳಿಸಬಹುದು. ಪ್ರತಿದಿನ ಕಚೇರಿಗೆ ಹೋಗಿಬರಲು ಅವಕಾಶವಿಲ್ಲ. ಶುಲ್ಕ ಪಾವತಿಸಿದ ನಂತರ ಈ ಷರತ್ತನ್ನು ಅರಿತು ಫಲವಿಲ್ಲ.

ನಿತ್ಯ ಬಳಕೆಯೇ ಉದ್ದೇಶವಾದಲ್ಲಿ ಸಾಮಾನ್ಯ ನೋಂದಣಿಯನ್ನು ಉಳಿಸಿಕೊಂಡು ನವೀಕರಿಸಿಕೊಳ್ಳುವುದು ಸೂಕ್ತ. ಆಗಲೂ ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತಹ ಮಾರ್ಪಾಡು ನಿಷಿದ್ಧ. ಬಿಡಿಭಾಗ ಅಳವಡಿಸಿ ಇದನ್ನು ಉಲ್ಲಂಘಿಸುವ ಮಾಲೀಕರಿಗೆ ಕಲಂ 182ಎ(4)ರನ್ವಯ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸವೆದ ಬ್ರೇಕ್, ಟೈರು, ವೈರಿಂಗ್‌ಗಳನ್ನು ಮೂಲ ವಿವರಕ್ಕೆ ಅನುಗುಣವಾಗಿ ಬದಲಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಎಂಜಿನ್ ಬದಲಿಸುವ ಮುನ್ನ ಮಾತ್ರ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯತಕ್ಕದ್ದು.